ಕಣ್ಣು ಕೊಟ್ಟು ಕೂಸು ಉಳಿಸಿಕೊಂಡವರು

ಕಣ್ಣು ತೆಗೆಯಬೇಕು ಎಂಬ ಮಾತನ್ನು ಹೊಸ್ತಿಲ ಹೊರಗೆ ನಿಂತು ಹೇಳಬಾರದು. ಒಳಗೆ ಹೋಗಬೇಕು, ಅವರು ಹಾಸಿದ ಚಾಪೆಯ ಮೇಲೆ ಕೂರಬೇಕು, ಕೊಟ್ಟ ನೀರು ಕುಡಿಯಬೇಕು. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಸರು ಕೇಳಬೇಕು. ಆಮೇಲೆ ಹೇಳಬೇಕು. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನಮ್ಮ ಮನೆಗೆ ಬಂದು, "ಅಮ್ಮಾರ, ನಮಗ ಏನರ ಹೇಳಿಕೊಡ್ರಿ" ಎಂದಾಗ ನನಗೆ ಮೊದಲು ನೆನಪಾಗುವುದು ಇದೇ. ಉಳಿದದ್ದನ್ನು ತರಬೇತಿಯಲ್ಲಿ ನನಗಿಂತ ಚೆನ್ನಾಗಿ ಕಲಿಸುತ್ತಾರೆ.

ನಾನು ದೊಡ್ಡ ಓದು ಓದಿದವಳಲ್ಲ. ರಾಯಚೂರಿನಲ್ಲಿ ಸಂಸಾರ ಮಾಡಿಕೊಂಡಿದ್ದೆ. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ಒಲೆ, ರೊಟ್ಟಿ, ಮಕ್ಕಳ ಡಬ್ಬಿ. ಮಕ್ಕಳ ಕಣ್ಣಿನ ಕ್ಯಾನ್ಸರ್ ಬಂದ ಮನೆಗಳಿಗೆ ನೆರವಾಗುವ ಒಂದು ಚಿಕ್ಕ ಸಂಸ್ಥೆಯವರು, ಹಳ್ಳಿಯ ಮನೆಗಳ ಅಡುಗೆಮನೆಯವರೆಗೂ ಹೋಗಿ ಮಾತನಾಡಬಲ್ಲ ಹೆಂಗಸು ಬೇಕೆಂದು ಹುಡುಕುತ್ತಿದ್ದರು. ನಮ್ಮ ಓಣಿಯ ದಾದಿಯೊಬ್ಬರು ನನ್ನ ಹೆಸರು ಹೇಳಿದರು. ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪುವವರೆಗೂ ಆ ಕೆಲಸ ಮಾಡಿದೆ. ದೇವರು ಬೇರೆಯವರ ಮನೆಗಳಿಗೆ ಕಳಿಸಿ ನನಗೆ ಬಹಳ ಕೊಟ್ಟ.

ಈ ರೋಗ ಬರುವುದು ಎಳೆಯ ಮಕ್ಕಳಿಗೆ. ಬೆಳಕು ಬಿದ್ದಾಗ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ನೋವಿರುವುದಿಲ್ಲ, ಕೂಸು ಆಡಿಕೊಂಡೇ ಇರುತ್ತದೆ. ಹಾಗಾಗಿ ಮನೆಯವರಿಗೆ ಅವಸರ ಅನ್ನಿಸುವುದಿಲ್ಲ. ಬೇಗ ತಂದರೆ ಕಣ್ಣೂ ಉಳಿಯಬಹುದು. ಗಡ್ಡೆ ಕಣ್ಣು ತುಂಬಿದ್ದರೆ ಕಣ್ಣು ತೆಗೆದು ಜೀವ ಉಳಿಸಬೇಕು. ಅದನ್ನೂ ತಡ ಮಾಡಿದರೆ ನರದ ದಾರಿ ಹಿಡಿದು ಮಿದುಳಿಗೆ ಏರುತ್ತದೆ. ನಮ್ಮ ಕೆಲಸವೆಲ್ಲ ಈ ತಡದ ಜೊತೆಗಿನ ಜಗಳ.

ಮೊದಮೊದಲು ನಾವು ಬಣ್ಣದ ಹಾಳೆ ಹಂಚುತ್ತಿದ್ದೆವು. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಮೇಲ್ವಿಚಾರಕಿ ಸುನಂದಾ ಮೇಡಂ ಬಹಳ ಶ್ರದ್ಧೆಯಿಂದ ಮಾಡಿಸಿದ್ದು. ಮುದ್ದಾದ ಕೂಸಿನ ಮುಖ, ಒಂದು ಕಣ್ಣು ಬಿಳಿ. ಮಾನ್ವಿ ಕಡೆಯ ಮನೆಗಳಲ್ಲಿ ಹಂಚಿ ಬಂದು, ಸ್ವಲ್ಪ ಕಾಲದ ಮೇಲೆ ಇಬ್ಬರೂ ಮತ್ತೆ ಹೋದೆವು. ಹಾಳೆಯನ್ನು ಯಾರೂ ಬಿಸಾಡಿರಲಿಲ್ಲ. ಗೋಡೆಗೆ ಅಂಟಿಸಿದ್ದರು. ಆದರೆ ಇಷ್ಟು ಚಂದದ ಕೂಸಿಗೆ ದೃಷ್ಟಿ ತಾಗಿ ಕಣ್ಣು ಹೀಗಾಗಿದೆ ಎಂದುಕೊಂಡು, ಆ ಬಿಳಿಯ ಮೇಲೆಯೇ ಕಾಡಿಗೆ ಬೊಟ್ಟು ಇಟ್ಟಿದ್ದರು. ಯಾವ ಗುರುತನ್ನು ತೋರಿಸಲು ಹಾಳೆ ಮಾಡಿದ್ದೆವೋ ಅದೇ ಮುಚ್ಚಿಹೋಗಿತ್ತು.

"ಇದೇನು ಶರಣಮ್ಮ, ಎಲ್ಲಾ ಮನೇಲೂ ಹೀಗೇ ಮಾಡಿದ್ದಾರಲ್ಲ!" ಎಂದು ಮೇಡಂ ತಲೆಯ ಮೇಲೆ ಕೈ ಇಟ್ಟುಕೊಂಡರು.

ಆ ಮನೆಯ ಹೆಂಗಸು ಸಮಾಧಾನ ಹೇಳಿದಳು: "ಚಿಂತಿ ಮಾಡಬ್ಯಾಡ್ರಿ ಮೇಡಂ. ಈಗ ಆ ಕೂಸಿಗಿ ಆರಾಮ ಆಗಿರ್ತದ."

ಮೇಡಂ ರಸ್ತೆಯವರೆಗೂ ಸಿಟ್ಟಿನಲ್ಲಿ ನಡೆದರು, ಬಸ್ಸಿನಲ್ಲಿ ಕುಳಿತ ಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಳೆ ಹಂಚುವುದು ನಿಂತಿತು. ಈಗ ಫೋನು ಬಂದಿದೆ. ಕೂಸಿನ ಫೋಟೊಗಳನ್ನು ತಾಯಿಯ ಜೊತೆ ಕುಳಿತು ನೋಡಿದರೆ ಸಾಕು. ಫ್ಲ್ಯಾಶಿನ ಬೆಳಕಿಗೆ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಳ್ಳಗೆ ಕಂಡರೆ ತಾಯಿಯೇ ಬೆರಳಿಟ್ಟು ತೋರಿಸುತ್ತಾಳೆ. ನಾವು ಹೇಳುವುದಕ್ಕಿಂತ ಅವಳು ಕಾಣುವುದು ಒಳ್ಳೆಯದು.

ಬಾಗಲವಾಡದ ಭಾಗ್ಯ ಸಿಕ್ಕಿದ್ದು ಹಾಗೆಯೇ. ಊರಿನ ಆಶಾ ಕಾರ್ಯಕರ್ತೆ ಫೋನಿನಲ್ಲಿ ಅವಳ ಫೋಟೊ ನೋಡಿ ನಮಗೆ ಕಳಿಸಿದಳು. ಆಗಷ್ಟೇ ಮಾತು ಕಲಿಯುತ್ತಿದ್ದ ಹುಡುಗಿ. ತಂದೆ ದೇವಪ್ಪ, ತಾಯಿ ನಾಗರತ್ನ ಇಬ್ಬರನ್ನೂ ನಾನೇ ಹೈದರಾಬಾದಿನ ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಎಡಗಣ್ಣಿನ ತುಂಬ ಗಡ್ಡೆ ಇದೆ, ಇನ್ನೂ ಹೊರಗೆ ಹರಡಿಲ್ಲ, ಈಗಲೇ ಕಣ್ಣು ತೆಗೆದರೆ ಹುಡುಗಿ ಬದುಕುತ್ತಾಳೆ ಎಂದರು. ದೇವಪ್ಪ, "ಮನ್ಯಾಗ ಅವ್ವನ್ನ ಒಂದ್ ಮಾತು ಕೇಳ್ಕೊಂಡ್ ಬರ್ತೀವ್ರಿ" ಎಂದು ಊರಿಗೆ ಹೋದವನು ತಿರುಗಿ ಬರಲಿಲ್ಲ. ಫೋನೂ ಎತ್ತಲಿಲ್ಲ.

ನಾನು ಹೋದೆ. ದೇವಪ್ಪನ ತಾಯಿ ಈರಮ್ಮ ಕಟ್ಟೆಯ ಮೇಲೆ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ನನ್ನ ಹಣೆಯ ವಿಭೂತಿ ನೋಡಿ ಒಳಗೆ ಕರೆದಳು, ನೀರು ಕೊಟ್ಟಳು. ನಾನು ಬಾಯಿ ತೆರೆಯುವ ಮೊದಲೇ ತಾನು ಹೇಳಿದಳು.

"ನೀವು ಯಾಕ ಬಂದೀರಿ ನನಗ ಗೊತ್ತದ. ಆಗಂಗಿಲ್ಲ ಬಿಡ್ರಿ."

"ಯಾಕಂತ ಹೇಳು ಯವ್ವಾ. ಕೇಳಿ ಹೋಗ್ತೀನಿ."

"ಊರ ತಾಯಿಗಿ ಬೆಳ್ಳಿ ಕಣ್ಣು ಮಾಡಸ್ತೀನಿ ಅಂತ ಬೇಡ್ಕೊಂಡೀನಿ. ಒಂದ್ ಜ್ವಾಡಿ. ಕೂಸಿನ ಕಣ್ಣು ಆರಾಮ ಆದ ಮ್ಯಾಲ ಏರಸ್ತೀನಿ ಅಂದೀನಿ. ಈಗ ಕಣ್ಣ ಕಿತ್ತಿ ಒಗದು, ಆಕಿ ಮುಂದ ಯಾವ ಮಾರಿ ಹೊತ್ಕೊಂಡು ನಿಂದರ್ಲಿ? ನಿನ್ನ ಮ್ಯಾಲ ನಂಬಿಕಿ ಇರ್ಲಿಲ್ಲ ತಾಯಿ ಅಂತ ಹೇಳ್ಲೇನು?"

ನಮ್ಮ ಕಡೆ ಕಣ್ಣಿನ ಬೇನೆ ಬಂದರೆ ದೇವಿಗೆ ಬೆಳ್ಳಿಯ ಕಣ್ಣು ಹರಕೆ ಹೊರುವುದು ಹೊಸದಲ್ಲ. ನಾನೂ ಹೊತ್ತವಳೇ. ಆದ್ದರಿಂದ ಮುದುಕಿಯ ಮಾತು ನನಗೆ ಮೂಢತನ ಎನ್ನಿಸಲಿಲ್ಲ, ಭಯ ಎನ್ನಿಸಿತು. ದೇವಿಯ ಮಾತು ಮೀರಿದರೆ ಕೂಸಿನ ಪ್ರಾಣಕ್ಕೇ ಬಂದೀತು ಎಂಬ ಭಯ. ನನಗಿದ್ದದ್ದೂ ಅದೇ ಪ್ರಾಣದ ಭಯ. ಅಂದು ನಾನು ಎಷ್ಟು ಹೇಳಿದರೂ ಅವಳು ಕದಲಲಿಲ್ಲ. ನಾಗರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಭಾಗ್ಯ ನನ್ನ ಚೀಲದ ಜಿಪ್ಪು ಎಳೆದು ಆಡುತ್ತಿದ್ದಳು.

ರಾಯಚೂರಿಗೆ ಬಂದು ಮೇಡಂಗೆ ಹೇಳಿದೆ. ತಹಶೀಲ್ದಾರರಿಂದಲೋ ಪೊಲೀಸರಿಂದಲೋ ಹೇಳಿಸೋಣ ಎಂದರು ಅವರು. ಅವರ ಅವಸರ ಸುಳ್ಳಲ್ಲ, ದಿನ ಹೋದಂತೆ ಗಡ್ಡೆ ಬೆಳೆಯುತ್ತಿತ್ತು. "ಇನ್ನೊಂದು ಸಲ ಹೋಗಿ ಬರ್ತೀನ್ರಿ. ಈ ಸಲ ಹುಲಿಗೆಮ್ಮನ್ನ ಕರ್ಕೊಂಡು ಹೋಗ್ತೀನಿ" ಎಂದೆ. ಮೇಡಂ, "ನಾಳೇನೇ ಹೋಗಿ" ಎಂದರು. ಸಿಟ್ಟಿದ್ದರೂ ಕೆಳಗಿನವರ ಮಾತು ಕೇಳುವ ಮೇಲಿನವರು ಸಿಗುವುದು ಪುಣ್ಯ. ನನಗೆ ಸಿಕ್ಕಿದ್ದರು.

ಹುಲಿಗೆಮ್ಮ ದೇವದುರ್ಗದವಳು, ಕೂಲಿ ಮಾಡುವವಳು. ಅವಳ ಮಗ ಮೌನೇಶನ ಒಂದು ಕಣ್ಣು ಇದೇ ರೋಗಕ್ಕೆ ಹೋಗಿ, ಹಾಕಿಸಿದ ಕಣ್ಣು ಇತ್ತು. ಆ ಕಣ್ಣಿನದೇ ಒಂದು ಕಥೆ. ಹಾಕಿಸಿದ ಕಣ್ಣೆಂದರೆ ತೆಳುವಾದ ಚಿಪ್ಪು, ಅದರ ಮೇಲೆ ಇನ್ನೊಂದು ಕಣ್ಣಿಗೆ ಹೊಂದುವ ಹಾಗೆ ಪಾಪೆ ಬರೆದಿರುತ್ತಾರೆ. ಆಗಾಗ ತೆಗೆದು ತೊಳೆದು ಹಾಕಬೇಕು. ಒಮ್ಮೆ ಶಾಲೆಯ ಮೇಷ್ಟ್ರು ಮೌನೇಶನ ಕಣ್ಣು ಹಳದಿಯಾಗಿದೆ, ಕಾಮಣಿ ಆಗಿದೆ, ಔಷಧ ಕೊಡಿಸಿ ಎಂದು ಮನೆಗೆ ಕಳಿಸಿದರು. ನನಗೆ ಫೋನು ಬಂತು. ಹೋಗಿ ನೋಡಿದರೆ ಕಾಮಣಿ ಒಂದೇ ಕಣ್ಣಿಗೆ!

"ಹುಲಿಗೆಮ್ಮಾ, ಈ ಕಣ್ಣು ಯಾತರಾಗ ತೊಳೀತಿ?"

"ಶುಕ್ರಾರಕ್ಕೊಮ್ಮಿ ಅರಿಷಿಣ ನೀರಾಗ್ರಿ ಅಕ್ಕಾರ. ದೇವ್ರ ಸಾಮಾನು ತೊಳದ್ ಮ್ಯಾಲ ಅದನ್ನೂ ಅದ್ದಿ ಇಡ್ತೀನಿ."

"ಅರಿಷಿಣ ಯಾಕವ್ವಾ?"

"ಮೈಯೊಳಗ ಹೋಗೋ ವಸ್ತು. ಹಂಗ ಬರೇ ನೀರಾಗ ತೊಳದು ಹಾಕಾಕ ಬರ್ತದೇನ್ರಿ?"

ಅವಳ ಅಚ್ಚುಕಟ್ಟುತನಕ್ಕೆ ಬೈಯಲು ನನಗೆ ಬಾಯಿ ಬರಲಿಲ್ಲ. ಕಣ್ಣು ಮಾಡುವ ಕಾರ್ಖಾನೆಯವರು ತಿಕ್ಕಿ ತಿಕ್ಕಿ ಆ ಹಳದಿಯನ್ನು ಹೋಗಲಾಡಿಸಿ ಕೊಟ್ಟರು. ಅಂದಿನಿಂದ ಕಣ್ಣು ಕೊಡಿಸುವಾಗ, ಕಾಯಿಸಿ ಆರಿಸಿದ ನೀರು, ಸಾದಾ ಸಾಬೂನು, ಅರಿಶಿಣ ಬೇಡ ಎಂದು ನಾವು ಬಾಯಿಬಿಟ್ಟು ಹೇಳತೊಡಗಿದೆವು. ಅದಕ್ಕೂ ಮೊದಲು ಆ ಮಾತು ಯಾರಿಗೂ ಹೊಳೆದಿರಲಿಲ್ಲ.

ಮರುದಿನ ಹುಲಿಗೆಮ್ಮ ಮಗನನ್ನು ಕರೆದುಕೊಂಡು ದಾರಿಯ ಕಲ್ಮಲದಲ್ಲಿ ನನ್ನ ಜೊತೆ ಸೇರಿದಳು. ಬಾಗಲವಾಡ ಮುಟ್ಟಿದೆವು. ಮೌನೇಶ ಮನೆಯೊಳಗೆ ಬರಲೇ ಇಲ್ಲ. ಈರಮ್ಮನ ಕೋಳಿಯ ಹಿಂದೆ ಬಿದ್ದು, ಹಿತ್ತಲು ಸುತ್ತಿ, ಅದನ್ನು ಹಿಡಿದು ಎದೆಗೊತ್ತಿಕೊಂಡು ಬಂದ. ಕೋಳಿ ಅರಚುತ್ತಿತ್ತು, ಭಾಗ್ಯ ಚಪ್ಪಾಳೆ ಹೊಡೆಯುತ್ತಿದ್ದಳು.

"ಯಾರದ್ಲೇ ಈ ಹುಡುಗ? ಬಿಡ್ಲೇ ಕೋಳಿ!" ಎಂದು ಈರಮ್ಮ ಎದ್ದಳು.

"ನನ್ ಮಗನ್ರಿ ಯವ್ವಾ. ಎಡಗಣ್ಣು ಹಾಕ್ಸಿದ್ದದ" ಎಂದಳು ಹುಲಿಗೆಮ್ಮ.

ಈರಮ್ಮ ಹುಡುಗನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು. ಹುಡುಗ ಕೋಳಿ ಬಿಡಲಿಲ್ಲ.

"ನೀ ದೇವ್ರಿಗಿ ಏನೂ ಬೇಡ್ಕೊಂಡಿರ್ಲಿಲ್ಲೇನ?" ಎಂದು ಹುಲಿಗೆಮ್ಮನನ್ನು ಕೇಳಿದಳು.

"ಬೇಡ್ಕೊಂಡಿದ್ದೆ. ಇವನ ಕಣ್ಣು ತೆಗದ್ರು. ನಾ ಹೋಗಿ ಆಕಿ ಮುಂದ ಕುಂತು ಬೈದೆ. ಬೈದು ಬೈದು ಸಾಕಾತು. ಆಮ್ಯಾಲ ಇವ ಹಸಿವು ಅಂತ ಅತ್ತ. ಎದ್ದು ಮನಿಗಿ ಬಂದು ರೊಟ್ಟಿ ಬಡದೆ. ಹಸಿವು ಅನ್ನಾಕ ಮಗ ಇದ್ನಲ್ಲ, ಅಷ್ಟ ಸಾಕಾತು ನನಗ."

ಈರಮ್ಮ ಹುಡುಗನ ಗದ್ದ ಬಿಟ್ಟಳು. ಒಳಗೆ ಹೋದಳು. ಬಂದಾಗ ಹಣೆಗೆ ಕುಂಕುಮ ಇತ್ತು, ಕೈಯಲ್ಲಿ ಒಂದು ಬಟ್ಟೆಯ ಗಂಟು. ಬೆಳ್ಳಿ ಕಣ್ಣು ಆಗಲೇ ಮಾಡಿಸಿ ಇಟ್ಟಿದ್ದಳು. ಹರಕೆ ತೀರಿಸುವುದು ಕೆಲಸ ಆದ ಮೇಲೆ. ಅದು ಎಲ್ಲರೂ ನಡೆಸಿಕೊಂಡು ಬಂದ ಕ್ರಮ. ಈರಮ್ಮ ಕ್ರಮವನ್ನೇ ತಿರುಗಿಸಿದಳು.

"ನಡೀರಿ ಗುಡಿಗಿ. ಮೊದ್ಲ ಕೊಟ್ಟ ಬಿಡ್ತೀನಿ. ಇಸ್ಕೊಂಡ ಮ್ಯಾಲ ಕೂಸಿನ ಜಿಮ್ಮೇದಾರಿ ಆಕೀದ. ಆಕಿನೂ ಹೆಣ್ಣ ಅದಾಳ, ಇಸ್ಕೊಂಡು ಇಲ್ಲ ಅನ್ನಂಗಿಲ್ಲ."

ಗುಡಿಯಲ್ಲಿ ನಾವೆಲ್ಲ ಸಾಲಾಗಿ ನಿಂತೆವು. ಈರಮ್ಮ ದೇವಿಗೆ ಹೇಳಿದ್ದು ದೊಡ್ಡ ಪ್ರಾರ್ಥನೆಯೇನಲ್ಲ. ಸಂತೆಯಲ್ಲಿ ಗೊತ್ತಿದ್ದವರ ಜೊತೆ ಮಾತನಾಡುವ ಹಾಗೆ, "ತಗೊ ತಾಯಿ. ಕಣ್ಣು ನಿನಗ, ಹುಡುಗಿ ನನಗ" ಎಂದಳು. ಆ ವಾರವೇ ಹೈದರಾಬಾದಿಗೆ ಹೋದೆವು. ಭಾಗ್ಯಳ ಕಣ್ಣು ತೆಗೆದರು. ಗಡ್ಡೆ ನರಕ್ಕೆ ಹತ್ತಿರ ಬಂದಿತ್ತು, ದಾಟಿರಲಿಲ್ಲ. ಡಾಕ್ಟರಮ್ಮ ಹಾಗೆ ಹೇಳಿದ ಹೊತ್ತಿಗೆ ನಾನು ಎರಡೂ ಕೈ ಎತ್ತಿ ಮುಗಿದೆ. ಅವರಿಗೋ ದೇವರಿಗೋ ಕೋಳಿ ಹಿಡಿದ ಹುಡುಗನಿಗೋ, ಬೇರೆ ಮಾಡಿ ನೋಡಲಿಲ್ಲ.

ಎಲ್ಲ ಮನೆಯಲ್ಲೂ ಹೀಗಾಗಲಿಲ್ಲ. ಒಂದು ಮನೆಗೆ ನಾನು ಹೋದಾಗ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಆ ಕೂಸಿನ ತಂದೆ ನನಗೆ ನೀರು ಕೊಟ್ಟು, "ಬಿಸಲಾಗ ಬಂದೀರಿ, ಕುಂದರ್ರಿ ಅಕ್ಕಾರ" ಎಂದ. ಅಂಥ ಮನೆಗಳಿಗೂ ಹೋಗುವುದನ್ನು ನಿಲ್ಲಿಸಬೇಡಿ. ಕೂಸಿನ ಹೆಸರನ್ನು ಬಾಯಿ ತುಂಬ ಕರೆದು ಮಾತನಾಡುವವರು ಅವರಿಗೆ ಬೇರೆ ಯಾರೂ ಇರುವುದಿಲ್ಲ.

ಭಾಗ್ಯಳಿಗೆ ಹಾಕಿಸಿದ ಕಣ್ಣು ಬಂತು, ಅಂಗನವಾಡಿಗೆ ಹೋಗತೊಡಗಿದಳು. ಆಗ ನಾಗರತ್ನ ಮತ್ತೆ ಬಸಿರಾದಳು. ಡಾಕ್ಟರಮ್ಮ ಮೊದಲೇ ಹೇಳಿದ್ದರು: ಈ ರೋಗ ಕೆಲವು ಮನೆಗಳಲ್ಲಿ ಒಡಹುಟ್ಟಿದವರಿಗೂ ಬರುತ್ತದೆ, ಹೊಸ ಕೂಸು ಹುಟ್ಟಿದ ಕೂಡಲೇ ಕರೆತನ್ನಿ, ಬಿಳಿ ಹೊಳಪು ಕಾಣುವವರೆಗೆ ಕಾಯಬೇಡಿ. ನಾಗರತ್ನಳಿಗೆ ತಾಯಿ ಇರಲಿಲ್ಲ, ಹೆರಿಗೆ ಬಾಣಂತನ ಎಲ್ಲ ಅತ್ತೆಯದೇ. ಬಾಣಂತಿಗೆ ಕತ್ತಲ ಕೋಣೆ, ಕಿವಿಗೆ ಬಟ್ಟೆ, ಹೊಗೆ, ಕಾಯಿಸಿದ ನೀರು. ಕೂಸಿನ ತಲೆಯ ಕೆಳಗೆ ಕಬ್ಬಿಣ. ಹೊಸ್ತಿಲು ದಾಟುವುದೆಂದರೆ ಇಲ್ಲವೇ ಇಲ್ಲ. ಈರಮ್ಮ ಇದರಲ್ಲಿ ಊರಿಗೇ ಕಟ್ಟುನಿಟ್ಟಿನವಳು.

ಗಂಡುಕೂಸು ಹುಟ್ಟಿತೆಂದು ದೇವಪ್ಪ ಫೋನು ಮಾಡಿದ. ನಾನು ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮನೆಯ ಮುಂದೆ ಹೋದರೆ ಈರಮ್ಮ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಾಳೆ.

"ಇಷ್ಟ್ಯಾಕ ತಡಾ ಮಾಡಿದ್ರಿ? ಫೋನ್ ಹೋಗಿ ಎಷ್ಟೊತ್ತಾತು!"

"ಎಲ್ಲಿಗಿ ಹೊಂಟೀ ಯವ್ವಾ?"

"ಎಲ್ಲಿಗಿ ಅಂದ್ರ? ದವಾಖಾನಿಗಿ. ಕೂಸಿನ ಕಣ್ಣು ತೋರ್ಸೋದದಲ್ಲ."

ದೇವಪ್ಪನೇ ಹಿಂದೆ ಮುಂದೆ ನೋಡುತ್ತಿದ್ದ. "ಅವ್ವಾ, ಹಸೀ ಬಾಣಂತಿ, ಗಾಳಿ ಬಡೀತದ ಅಂತ ನೀನ ಅಂತಿದ್ದಿ..."

"ಗಾಳಿ ಬಡದ್ರ ಅಜವಾನದ ಹೊಗಿ ಹಾಕ್ತೀನಿ. ಕಣ್ಣಿಗಿ ಏನ್ ಹಾಕ್ಲಿ? ಬಾಯಿ ಮುಚ್ಕೊಂಡು ಆಟೋ ಕರಿ."

ನಾನು ಜೋಡಿಸಿಕೊಂಡ ಮಾತುಗಳೆಲ್ಲ ವ್ಯರ್ಥವಾದವು. ಇದಕ್ಕಿಂತ ಒಳ್ಳೆಯ ವ್ಯರ್ಥ ನನ್ನ ಕೆಲಸದಲ್ಲಿ ನಾನು ಕಂಡಿಲ್ಲ.

ಭಾಗ್ಯಳ ಜೊತೆ ದೇವಪ್ಪ ಊರಿನಲ್ಲೇ ಉಳಿದ. ರೈಲಿನಲ್ಲಿ ಜನ ತುಂಬಿದ್ದರು. ಎದುರಿನ ಹೆಂಗಸು ನಾಗರತ್ನಳ ಕಿವಿ ಕಟ್ಟಿದ ಬಟ್ಟೆ ನೋಡಿದವಳೇ ಶುರು ಮಾಡಿದಳು. "ಹಸೀ ಬಾಣಂತಿನ್ನ ರೈಲಿಗಿ ಹತ್ತಿಸ್ಕೊಂಡು ಹೊಂಟೀಯಲ್ಲ ಯವ್ವಾ, ಇಷ್ಟ್ ವಯಸ್ಸಾಗಿ ಬುದ್ಧಿ ಇಲ್ಲೇನು ನಿನಗ?"

"ಬುದ್ಧಿ ಅದ, ಅದಕ್ಕ ಹೊಂಟೀನಿ. ನೀ ಸ್ವಲ್ಪ ಸರದು ಕುಂದ್ರು, ನನ್ ಸೊಸಿ ಕಾಲು ಚಾಚಲಿ" ಎಂದಳು ಈರಮ್ಮ.

ಆ ಹೆಂಗಸು ಗೊಣಗಿಕೊಂಡೇ ಸರಿದಳು. ಆಮೇಲೆ ವಿಷಯ ಕೇಳಿ ತಿಳಿದು, ಪೂರ್ತಿ ಸೀಟು ಬಿಟ್ಟುಕೊಟ್ಟು ತಾನು ಕೆಳಗೆ ಕುಳಿತಳು. ಅವಳ ಹೆಸರು ಕೇಳಲಿಲ್ಲ. ಪೂಜೆಯಲ್ಲಿ ಆಗಾಗ ಅವಳನ್ನು ನೆನೆಯುತ್ತೇನೆ.

ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ಪಂಚಾಯಿತಿ. ಕಾವಲುಗಾರ ಗಂಟು ಬಿಚ್ಚಿಸಿದ. ಕೂಸಿನ ಬಟ್ಟೆಯ ನಡುವೆ ಕುಡುಗೋಲು! ಅವನು ತೆಲುಗಿನಲ್ಲಿ ಕೂಗಾಡಿದ, ಈರಮ್ಮ ಕನ್ನಡದಲ್ಲಿ ಕೂಗಾಡಿದಳು. ಕಬ್ಬಿಣ ಇಲ್ಲದೆ ಕೂಸು ಒಳಗೆ ಬರುವುದಿಲ್ಲ ಎಂದು ಅವಳು, ಕಬ್ಬಿಣ ಇದ್ದರೆ ಬಿಡುವುದಿಲ್ಲ ಎಂದು ಅವನು. ನಾನು ನನ್ನ ಸೊಂಟದ ಬೀಗದಕೈ ಗೊಂಚಲು ತೆಗೆದು ಕೂಸಿನ ಬಟ್ಟೆಗೆ ಸಿಕ್ಕಿಸಿದೆ. "ಇದೂ ಕಬ್ಬಿಣನ ಅಲ್ಲೇನ್ ಯವ್ವಾ?" ಈರಮ್ಮ ಗೊಂಚಲನ್ನು ಕೈಯಲ್ಲಿ ತೂಗಿ ನೋಡಿ, ಒಪ್ಪಿ, ಕುಡುಗೋಲನ್ನು ಕಾವಲುಗಾರನ ಕೈಗಿಟ್ಟು ಒಳಗೆ ನಡೆದಳು.

ಕೂಸಿನ ಕಣ್ಣಿಗೆ ಹನಿ ಹಾಕಿ, ಮತ್ತಿನ ಮದ್ದು ಕೊಟ್ಟು, ಒಳಗೆ ಕರೆದೊಯ್ದರು. ನಾವು ಬೆಂಚಿನ ಮೇಲೆ ಕುಳಿತೆವು. ನಾನು ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ನಾಗರತ್ನ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಈರಮ್ಮ ಮಾತ್ರ ಬಾಗಿಲನ್ನೇ ದಿಟ್ಟಿಸುತ್ತ, ರೆಪ್ಪೆ ಬಡಿದರೆ ಏನೋ ತಪ್ಪಿಹೋಗುವುದೆಂಬಂತೆ ಕುಳಿತಿದ್ದಳು.

ಡಾಕ್ಟರಮ್ಮ ಹೊರಗೆ ಬಂದು ನಮ್ಮ ಪಕ್ಕದಲ್ಲೇ ಕುಳಿತರು. ಒಂದು ಕಣ್ಣು ಸ್ವಚ್ಛ. ಇನ್ನೊಂದರಲ್ಲಿ ಸಾಸಿವೆಗಿಂತಲೂ ಚಿಕ್ಕದಾದ ಚುಕ್ಕೆ.

ನಾಗರತ್ನ ನನ್ನ ಕೈ ಹಿಡಿದುಕೊಂಡಳು.

"ತೆಗೀಬೇಕೇನ್ರಿ?" ಎಂದಳು ಈರಮ್ಮ.

"ಬೇಡಮ್ಮಾ. ಲೇಸರಿನಲ್ಲಿ ಸುಟ್ಟಿದ್ದೇವೆ. ಕಣ್ಣು ಇರುತ್ತದೆ, ನೋಟವೂ ಇರುತ್ತದೆ. ಆದರೆ ನಾವು ಹೇಳಿದ ದಿನ ತಪ್ಪಿಸದೆ ಬರಬೇಕು, ಕೆಲವು ವರ್ಷ. ಬಿಳಿ ಹೊಳಪು ಕಂಡ ಮೇಲೆ ತಂದಿದ್ದರೆ ಇಷ್ಟು ಸುಲಭ ಇರುತ್ತಿರಲಿಲ್ಲ."

"ಅಂದ್ರ ತೆಗ್ಯಂಗಿಲ್ಲ?"

"ಇಲ್ಲಮ್ಮಾ."

"ಖರೇ ಹೇಳ್ರಿ. ಎರಡೂ ಇರ್ತಾವ?"

"ಎರಡೂ ಇರುತ್ತವೆ."

ಈರಮ್ಮ ಡಾಕ್ಟರಮ್ಮನ ಗಲ್ಲ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿ ಲಟಿಕೆ ಮುರಿದಳು. ಎಲ್ಲ ಬೆರಳೂ ಲಟಲಟ ಎಂದವು.

ಊರಿಗೆ ತಿರುಗಿ ಬಂದೆವು. ಮನೆಯ ಮುಂದೆ ಈರಮ್ಮ ಬಾಣಂತಿಗೂ ಕೂಸಿಗೂ ನೀರು ನಿವಾಳಿಸಿ ಚೆಲ್ಲಿದಳು. ಊರೂರು ತಿರುಗಿ ಬಂದ ನಾಗರತ್ನ, ಇನ್ನು ಕತ್ತಲ ಕೋಣೆಯ ಕಟ್ಟಳೆ ಮುಗಿದ ಹಾಗೆಯೇ ಎಂದುಕೊಂಡು, ಕಿವಿಯ ಬಟ್ಟೆ ಸಡಿಲಿಸಿ ಕಟ್ಟೆಯ ಬಿಸಿಲಿನಲ್ಲಿ ಕುಳಿತುಕೊಂಡಳು. ಭಾಗ್ಯ ಓಡಿ ಬಂದು ತಮ್ಮನ ಮುಖದ ಮೇಲೆ ಬಾಗಿದಳು.

"ಅಲ್ಲಿ ಯಾಕ ಕುಂತಿ? ಒಳಗ ನಡಿ" ಎಂದಳು ಈರಮ್ಮ.

"ಇನ್ನೆಲ್ಲೀದತ್ತಿ ಬಾಣಂತನ? ಹೈದರಾಬಾದ್ ಗಾಳಿನ ಕುಡ್ಕೊಂಡು ಬಂದೀನಿ."

"ಅದು ಲೆಕ್ಕಕ್ಕ ಬರಂಗಿಲ್ಲ. ಕೂಸು ಇವತ್ತ ಹುಟ್ಯದ ಅಂತ ತಿಳ್ಕೊ. ಬಾಣಂತನ ಇವತ್ತಿಂದ ಮತ್ತ ಮೊದ್ಲಿಂದ."

"ಅಯ್ಯೋ! ಅಕ್ಕಾರ, ನೀವರ ಹೇಳ್ರಿ ಇವರಿಗಿ!"

ನಾನು ನನ್ನ ಚೀಲ ಹೆಗಲಿಗೇರಿಸಿದೆ. ಈರಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ನಾಗರತ್ನ ನಗುತ್ತ, ಬೈದುಕೊಳ್ಳುತ್ತ, ಕಿವಿಯ ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿಕೊಂಡು ಹಿಂದೆ ಹೋದಳು. ಬಾಗಿಲು ಮುಚ್ಚಿತು. ಬಾಗಿಲ ಸಂದಿಯಿಂದ ಅಜವಾನದ ಹೊಗೆ ಹೊರಗೆ ಬಂತು.